ಸಾಲಿ ಮೋಟಾರಿನ ಹಿಂದಿನ ಕಮಾನು

ಹೋದ ತಿಂಗಳು ಹುಬ್ಬಳ್ಳಿಯಿಂದ ಅಮ್ಮಿನಬಾವಿಗೆ ಬಸುರಿಯ ಕುಬಸದ ಕಾರ್ಯಕ್ಕೆಂದು ಹೊರಟವರು ಉಣಕಲ್ಲು ದಾಟುವ ಮೊದಲೇ ನಿಂತುಬಿಟ್ಟೆವು. ಹಿಂದಿನ ಗಾಲಿಗಳ ಮೇಲೆ ಕಾರಿನ ಭಾರ ಹೊರುವ ಕಮಾನಿನ, ಅಂದರೆ ಸ್ಪ್ರಿಂಗಿನ, ಪಟ್ಟಿ ಮುರಿದಿತ್ತು. ಮುರಿಯದೆ ಏನು ಮಾಡೀತು? ಐದು ಜನ ಕೂಡುವ ಅಂಬಾಸಿಡರಿನೊಳಗೆ ನಾವು ಒಂಬತ್ತು ಜನ ಕೂತಿದ್ದೆವು. ತೊಡೆಯ ಮೇಲೆ ಹೋಳಿಗೆಯ ಬುಟ್ಟಿ, ಹಿಂದೆ ಕರ್ಚಿಕಾಯಿಯ ಡಬ್ಬಿ, ಸೀರೆಯ ಗಂಟು, ಉಡಿ ತುಂಬುವ ಸಾಮಾನು. ಇಬ್ಬರು ಬಸ್ಸಿಗೆ ಬನ್ನಿ ಎಂದು ಹೊರಡುವಾಗಲೇ ನಾನು ಹೇಳಿದ್ದೆ. ಯಾರು ಕೇಳುತ್ತಾರೆ? ಆ ಇಬ್ಬರು ಯಾರು ಎನ್ನುವುದು ತೀರ್ಮಾನವಾಗುವ ಹೊತ್ತಿಗೆ ಕುಬಸ ಮುಗಿದು ಬಾಣಂತನವೇ ಬರುತ್ತದೆ.

ಪುಣ್ಯಕ್ಕೆ ರಸ್ತೆಯ ಬದಿಯಲ್ಲೇ ಕಮಾನು ಕಟ್ಟುವ ಒಂದು ಗ್ಯಾರೇಜು ಇತ್ತು. ನಮ್ಮನ್ನೆಲ್ಲ ಬೇವಿನ ಗಿಡದ ಕೆಳಗೆ ಬೆಂಚಿನ ಮೇಲೆ ಕೂಡಿಸಿದರು. ಒಳಗೆ ಒಬ್ಬ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು ಬಗ್ಗಿಸಿ, ಹಳೆಯ ಎಣ್ಣೆಯ ಡ್ರಮ್ಮಿನಲ್ಲಿ ಅದ್ದಿದ. ಚುಂಯ್ ಎಂದು ಹೊಗೆ ಎದ್ದು ನಮ್ಮ ಕಡೆಗೇ ಬಂತು. ಸುಟ್ಟ ಎಣ್ಣೆ, ಕಾದ ಕಬ್ಬಿಣ, ಇದ್ದಿಲು ಮೂರೂ ಕೂಡಿದ ವಾಸನೆ. ಪಕ್ಕದಲ್ಲಿ ಕೂತಿದ್ದ ನನ್ನ ತಂಗಿ ಗಂಗವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು ನನ್ನ ಕಡೆ ನೋಡಿದಳು. ನಾನೂ ಅವಳನ್ನು ನೋಡಿದೆ. ಆ ಒಂದು ಮಳೆಗಾಲದ ಬಗ್ಗೆ ನಾವಿಬ್ಬರೂ ಮಾತು ಬಿಟ್ಟು ನಲವತ್ತು ವರ್ಷವಾಗಿತ್ತು.

ಆಗ ಎರಡನೆಯ ಮಹಾಯುದ್ಧದ ಕಾಲ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ನಮ್ಮ ಮನೆಯವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತದ ಮಾಸ್ತರರು. ಶಾಲೆಗೆ ಒಂದು ಮೋಟಾರಿತ್ತು, ಊರೆಲ್ಲ ಅದನ್ನು ಸಾಲಿ ಮೋಟಾರು ಎನ್ನುತ್ತಿತ್ತು. ಲಾರಿಯ ಚೌಕಟ್ಟಿನ ಮೇಲೆ ಕಟ್ಟಿಗೆಯ ಗೂಡು ಕಟ್ಟಿಸಿ, ಎರಡೂ ಬದಿಗೆ ಉದ್ದ ಬೆಂಚು ಹಾಕಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟಿದ್ದರು. ಒಳ್ಳೆಯ ಮನೆತನದ ಹುಡುಗಿಯರು ಪರದೆಯ ಹಿಂದೆ ಕೂತು ಶಾಲೆಗೆ ಬರುತ್ತಿದ್ದರು, ಪರದೆಯ ಸಂದಿಯಿಂದ ಊರನ್ನೆಲ್ಲ ನೋಡುತ್ತಿದ್ದರು. ಯುದ್ಧ ಶುರುವಾಗಿ ಪೆಟ್ರೋಲಿಗೆ ರೇಶನ್ ಚೀಟಿ ಬಂದ ಮೇಲೆ ಹುಡುಗಿಯರು ಕಲಿಯಲಿ ಎಂದು ಸರಕಾರ ಎಣ್ಣೆ ಕೊಡುತ್ತದೆಯೇ? ಮೋಟಾರು ಶೆಡ್ಡಿನಲ್ಲಿ ನಿಂತಿತು. ಶಾಲೆಯ ಜವಾನನ ಕೋಳಿಗಳು ಅದರ ಬೆಂಚಿನ ಕೆಳಗೆ ಮೊಟ್ಟೆಯಿಡತೊಡಗಿದವು.

ಒಂದು ದಿನ ಹೆಣ್ಣುಮಕ್ಕಳ ದವಾಖಾನೆಯ ಡಾಕ್ಟರಬಾಯಿ ಶಾಲೆಗೆ ಬಂದರು. ಬೆಳಗಾವಿ ಕಡೆಯವರು, ಮದುವೆಯಾಗಿರಲಿಲ್ಲ. ಕೈಗೆ ಬಳೆ ಹಾಕುತ್ತಿರಲಿಲ್ಲ. ಎಡಗೈಯಲ್ಲಿ ಚರ್ಮದ ಪಟ್ಟಿಯ ಗಂಡಸರ ಗಡಿಯಾರ ಒಂದೇ. ನಮ್ಮ ಮಾಳಮಡ್ಡಿಯ ಹೆಂಗಸರು ಅವರ ಔಷಧಿಗಿಂತ ಆ ಬರಿಗೈಯ ಬಗ್ಗೆಯೇ ಹೆಚ್ಚು ಮಾತಾಡುತ್ತಿದ್ದರು. ಅವರು ಕುರ್ಚಿಯಲ್ಲಿ ಕೂಡುವ ಮೊದಲೇ ಮಾತು ಮುಗಿಸಿದರಂತೆ.

"ನಿಮ್ಮ ಮೋಟಾರ ಸುಮ್ಮನ ನಿಂತದ. ನನಗ ಕೊಡ್ರಿ. ಹಳ್ಯಾಗಿನ ಬಸರಿ ಹೆಣ್ಣಮಕ್ಕಳನ್ನ ದವಾಖಾನಿಗೆ ತರಲಿಕ್ಕೆ ಬೇಕು. ಎಣ್ಣಿ ಚೀಟಿ ನಾ ತರತೇನಿ."

ಸಂಜೆ ನಮ್ಮ ಮನೆಯವರು ಇದನ್ನು ನಗುತ್ತ ಹೇಳಿದರು. ಮೋಟಾರನ್ನು ತಿದ್ದಿಸುವ ಜವಾಬ್ದಾರಿ ಅವರ ತಲೆಗೇ ಬಂದಿತ್ತು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದೆ.

ನಾನು ಯಾಕೆ ಎದ್ದೆ ಎನ್ನುವುದು ಅವರಿಗೆ ಗೊತ್ತಿತ್ತು. ಅದಕ್ಕೆ ಮೂರು ವರ್ಷ ಹಿಂದೆ ನನ್ನ ಚೊಚ್ಚಲ ಹೆರಿಗೆಗೆ ಪದ್ಧತಿಯಂತೆ ತವರುಮನೆ ಅಮ್ಮಿನಬಾವಿಗೆ ಹೋಗಿದ್ದೆ. ಬೇನೆ ಎರಡನೆಯ ದಿನಕ್ಕೆ ಬಿದ್ದ ಮೇಲೆ ಎತ್ತಿನ ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಧಾರವಾಡಕ್ಕೆ ತಂದರು. ಮಳೆ ಬಿದ್ದ ಎರೆಮಣ್ಣಿನ ಹಾದಿ. ಗಾಲಿ ಒಂದೊಂದು ಕುಣಿಗೆ ಇಳಿದಾಗಲೂ ಏಟು ನೇರವಾಗಿ ನನ್ನ ಬೆನ್ನಿಗೆ ಬೀಳುತ್ತಿತ್ತು. ದಾರಿಯಲ್ಲಿ ಒಂದು ಕಡೆ ಒಳಗಿನ ಒದೆತ ನಿಂತಿತು. ಆ ಜಾಗ ಯಾವುದೆಂದು ನನಗೆ ಗೊತ್ತು. ಯಾರಿಗೂ ಹೇಳಿರಲಿಲ್ಲ. ಆಮೇಲೆ ನನಗೆ ಮಕ್ಕಳಾಗಲೂ ಇಲ್ಲ.

ಈಗ ಗಂಗವ್ವ ಬಸುರಿ. ಶ್ರಾವಣಕ್ಕೆ ದಿನ ತುಂಬುತ್ತಿದ್ದವು. ಅವಳೂ ಅದೇ ಅಮ್ಮಿನಬಾವಿಗೆ ಹೆರಿಗೆಗೆಂದು ಬಂದಿದ್ದಳು. ಅದೇ ಹಾದಿ, ಅದೇ ಮಳೆ, ಅದೇ ಚಕ್ಕಡಿ. ಶ್ರಾವಣದ ಒಳಗೆ ಈ ಮೋಟಾರು ಸಿದ್ಧವಾಗಲೇಬೇಕು ಎಂದು ನಾನು ಹಟ ಹಿಡಿದೆ. "ಮಗ್ಗಿ ಹೇಳಿಸಿದ್ದು ಸಾಕು, ನಾಳೆನ ಹುಬ್ಬಳ್ಳಿಗೆ ಹೋಗ್ರಿ" ಎಂದೆ.

ಹುಬ್ಬಳ್ಳಿಯಲ್ಲಿ ರೈಲು ನಿಲ್ದಾಣದ ಹಿಂದೆ ಖಾದರಸಾಬ ಮೇಸ್ತ್ರಿಯ ಕಾರ್ಖಾನೆ. ದೊಡ್ಡ ಮಾತಿನ ಮನುಷ್ಯ. ಲಾಟಸಾಹೇಬರ ಗಾಡಿಯೂ ತನ್ನ ಕೈಯಲ್ಲಿ ಹಾದುಹೋಗಿದೆ ಎನ್ನುತ್ತಿದ್ದ. ಮೋಟಾರಿನ ಗೂಡನ್ನು ಅವನು ಹದಿನೈದು ದಿನದೊಳಗೆ ತಿದ್ದಿದ. ಒಂದು ಬದಿಯ ಬೆಂಚು ಕಿತ್ತು ಅಲ್ಲಿ ಕಬ್ಬಿಣದ ಮಂಚ ಕೂಡಿಸಿದ. ಇನ್ನೊಂದು ಬದಿಯ ಬೆಂಚು ಡಾಕ್ಟರಬಾಯಿ ಕೂಡಲಿಕ್ಕೆ ಇರಲಿ ಎಂದು ಹಾಗೇ ಬಿಟ್ಟ. ಎಲ್ಲ ಸರಿಯಾಯಿತು, ಹಿಂದಿನ ಕಮಾನು ಮಾತ್ರ ಉಳಿಯಿತು. ಮೋಟಾರಿನ ಹಳೆಯ ಕಮಾನುಗಳು ಹತ್ತು ವರ್ಷ ಹುಡುಗಿಯರನ್ನು ಹೊತ್ತು ಸೋತು ಚಪ್ಪಟೆಯಾಗಿದ್ದವು. ಹೊಸದು ಬೇಕೆಂದರೆ ಬಜಾರಿನಲ್ಲಿ ಇಲ್ಲ, ಇದ್ದದ್ದನ್ನೆಲ್ಲ ಮಿಲಿಟರಿಯವರು ಎತ್ತಿಕೊಂಡು ಹೋಗಿದ್ದರು. ಖಾದರಸಾಬ ಎಲ್ಲೆಲ್ಲಿಂದಲೋ ಎರಡು ಜೋಡಿ ಹುಡುಕಿ ತಂದ. ಒಂದು ಲಾರಿಯದು, ದಪ್ಪ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ್ದು. ಇನ್ನೊಂದು ಯಾವುದೋ ದೊಡ್ಡ ಕಾರಿನದು, ಪಟ್ಟಿಗಳು ತೆಳ್ಳಗೆ, ಉದ್ದಕ್ಕೆ.

ನಾನೂ ಹೋಗಿದ್ದೆ. ಹೆಂಗಸಿಗೆ ಇಲ್ಲಿ ಏನು ಕೆಲಸ ಎಂದು ಖಾದರಸಾಬನ ಮುಖ ಕೇಳುತ್ತಿತ್ತು, ಬಾಯಿ ಕೇಳಲಿಲ್ಲ. ಡಾಕ್ಟರಬಾಯಿ ಪಕ್ಕದಲ್ಲಿ ನಿಂತಿದ್ದರಲ್ಲ.

"ನನ್ನ ಕೇಳಿದ್ರ ಲಾರೀದ ಹಾಕ್ರಿ, ಮಾಸ್ತರ" ಎಂದ. "ಹತ್ತ ವರ್ಷ ತಿರುಗಿ ನೋಡೂ ಹಂಗಿಲ್ಲ. ಕಾರಿಂದ ಮೆತ್ತಗ ಖರೇ, ಆದ್ರ ಭಾರ ತಡಿಯೂದಿಲ್ಲ. ಮೊದಲ ಹೇಳ್ರಿ, ಒಳಗ ಎಷ್ಟ ಮಂದಿ ಕೂಡ್ತಾರ?"

ನಮ್ಮ ಮನೆಯವರು ಬೆರಳು ಮಡಿಚಿ ಎಣಿಸಿದರು. "ಡ್ರೈವರ್ ಭೀಮಣ್ಣ. ಡಾಕ್ಟರಬಾಯಿ. ಮಲಗಿದಾಕಿ ಒಬ್ಬಾಕಿ. ಬೇಕಾದ್ರ ಜೋಡಿಗೆ ಒಬ್ಬರು ಅಂತ ಹಿಡೀರಿ."

"ಅಷ್ಟ ಆದ್ರ ಕಾರಿಂದೂ ನಡೀತೈತಿ" ಎಂದ ಖಾದರಸಾಬ. "ಲಾರೀದಕ್ಕ ಭಾರ ಬೇಕು. ಭಾರ ಇಲ್ಲಂದ್ರ ಅದು ಬಾಗೂದ ಇಲ್ಲ, ಗಾಡಿ ಕುಣೀತೈತಿ."

ಎರಡನ್ನೂ ಹಾಕಿ ನೋಡುವುದೆಂದಾಯಿತು. ಆದರೆ ನೋಡುವವರು ಯಾರು? ಮಂಚದ ಮೇಲೆ ಉಸುಕಿನ ಚೀಲ ಇಡೋಣ ಎಂದರು ನಮ್ಮ ಮನೆಯವರು. ನನಗೆ ಸಿಟ್ಟು ಬಂತು. "ಉಸುಕಿನ ಚೀಲ ಬೆನ್ನ ನೋವಾತು ಅಂತ ಹೇಳ್ತೈತೇನ್ರಿ? ನಾ ಮಲಗತೇನಿ" ಎಂದೆ. ಡಾಕ್ಟರಬಾಯಿ ನನ್ನ ಕಡೆ ಒಮ್ಮೆ ನೋಡಿ, ಆಗಲಿ ಎಂದರು.

ಮಳೆಗಾಲದ ಮೊದಲಿನ ಮಿರಗದ ಮಳೆ ಆಗ ತಾನೆ ಹತ್ತಿತ್ತು. ಮೊದಲು ಲಾರಿಯ ಕಮಾನು. ಹುಬ್ಬಳ್ಳಿ ಬಿಟ್ಟು ಉಣಕಲ್ಲಿನ ಕೆರೆಯವರೆಗೆ ಬಂದೆವು. ಖಾದರಸಾಬ ಹೇಳಿದಂತೆಯೇ ಆಯಿತು, ಗಾಡಿ ಕುಣಿಯಿತು. ಮಂಚದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಕಣ್ಣು ಮುಚ್ಚಿದರೆ ಚಕ್ಕಡಿಯೇ ಕಾಣುತ್ತಿತ್ತು. ಕೆರೆಯ ದಂಡೆಗೆ ಇಳಿದು ವಾಂತಿ ಮಾಡಿದೆ.

"ಹೆಂಗಿತ್ತವಾ?" ಎಂದರು ಡಾಕ್ಟರಬಾಯಿ.

"ಚಕ್ಕಡಿ ಇದಕ್ಕಿಂತ ಛಲೋ ಇತ್ರಿ" ಎಂದೆ.

ಎಂಟು ದಿನ ಬಿಟ್ಟು ಕಾರಿನ ಕಮಾನು ಹಾಕಿ ಮತ್ತೆ ಅದೇ ಹಾದಿಯಲ್ಲಿ ಬಂದೆವು. ಡಾಕ್ಟರಬಾಯಿ ಮಂಚದ ಬದಿಗೆ ಒಂದು ತಂಬಿಗೆ ನೀರು ಇಟ್ಟಿದ್ದರು. ಉಣಕಲ್ಲಿಗೆ ಬಂದಾಗ ನೀರು ಅಂಚಿನಿಂದ ಒಂದಿಷ್ಟು ಚೆಲ್ಲಿತ್ತು, ಅಷ್ಟೇ. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ, ಏಳಲಿಲ್ಲ. ನಿದ್ದೆ ಬಂದಿದೆ ಎಂದು ಅವರು ತಿಳಿದರು. ನಾನು ಅಳುತ್ತಿದ್ದೆ. ಇಷ್ಟು ಮೆತ್ತಗೆ ಬರಬಹುದಾಗಿತ್ತೇ ಈ ಹಾದಿಯಲ್ಲಿ? ಆ ಚಕ್ಕಡಿಯ ಕೆಳಗೆ ಇಂಥ ಎರಡು ತೆಳ್ಳನೆಯ ಪಟ್ಟಿ ಇದ್ದಿದ್ದರೆ ನನ್ನ ಮಗು ಇಷ್ಟೊತ್ತಿಗೆ ಅಂಗಳದಲ್ಲಿ ಓಡಾಡುತ್ತಿತ್ತೇ? ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯದೆ ಅತ್ತೆ.

"ಮಲಗಿದವರು ಹೇಳಿದ್ದ ಖರೇ" ಎಂದರು ಡಾಕ್ಟರಬಾಯಿ. "ಇದ ಇರಲಿ."

"ತೊಟ್ಲಾ ಮಾಡಿ ಕೊಟ್ಟೇನಿ ನೋಡ್ರಿ" ಎಂದು ಖಾದರಸಾಬ ಮೀಸೆ ತಿರುವಿದ.

ಈಗ ನೆನೆದರೆ ನಗು ಬರುತ್ತದೆ, ಆದರೆ ಅದು ಒಳ್ಳೆಯ ನಗುವಲ್ಲ. ಅಲ್ಲಿ ನಿಂತಿದ್ದವರಲ್ಲಿ ಹೊರದೇಶದವರು ಒಬ್ಬರೂ ಇರಲಿಲ್ಲ. ಎಲ್ಲರೂ ಇದೇ ಮಣ್ಣಿನವರು. ನಮ್ಮ ಮನೆಯವರ ಒಂದು ಹಲ್ಲು ಕೀಳಿಸಲು ಮನೆಯಿಂದ ಏಳು ಜನ ಹೋಗಿದ್ದೆವು. ಖಾದರಸಾಬನ ಹೆಂಡತಿ ಹೆರುವಾಗ ಅವನ ಅಂಗಳದಲ್ಲಿ ನಿಲ್ಲಲು ಜಾಗವಿರಲಿಲ್ಲವೆಂದು ಅವನೇ ಹೇಳುತ್ತಿದ್ದ. ಡಾಕ್ಟರಬಾಯಿಯಂತೂ ದಿನಾ ಬೆಳಗಾದರೆ ದವಾಖಾನೆಯ ವರಾಂಡದಿಂದ ನೆಂಟರನ್ನು ಅಟ್ಟುತ್ತಿದ್ದರು. ಆದರೂ ಕಾಗದದ ಮೇಲೆ ಲೆಕ್ಕ ಹಾಕಲು ಕೂತಾಗ ಬಸುರಿ ಒಬ್ಬಳೇ ಬರುತ್ತಾಳೆಂದು ನಾವೆಲ್ಲರೂ ನಂಬಿದೆವು.

ಆಷಾಢವೆಲ್ಲ ಜಿಟಿಜಿಟಿ ಮಳೆಯಲ್ಲಿ ಹೋಯಿತು. ಗೋಡೆಗಳು ತೋಯ್ದು, ಒಣಹಾಕಿದ ಸೀರೆ ಮೂರು ದಿನವಾದರೂ ಒಣಗದೆ ಮುಗ್ಗು ವಾಸನೆ ಹೊಡೆಯುತ್ತಿತ್ತು. ಚಿಮಣಿ ಎಣ್ಣೆಗೂ ಚೀಟಿ, ಜೋಳಕ್ಕೂ ಚೀಟಿ. ಯುದ್ಧದ ಸುದ್ದಿ ಓದಿ ನಮ್ಮ ಮನೆಯವರು ಚಿಂತೆ ಮಾಡುತ್ತಿದ್ದರು, ನಾನು ಆಕಾಶ ನೋಡಿ ಮಾಡುತ್ತಿದ್ದೆ. ಅಮ್ಮಿನಬಾವಿಯ ಹಳ್ಳಕ್ಕೆ ಎಷ್ಟು ನೀರು ಬಂದಿದೆ ಎಂದು ಸಂತೆಗೆ ಬಂದವರನ್ನೆಲ್ಲ ಕೇಳುತ್ತಿದ್ದೆ.

ಶ್ರಾವಣದ ಒಂದು ಬೆಳಿಗ್ಗೆ ನಮ್ಮ ಕಾಕಾನ ಮಗ ಸೈಕಲ್ಲು ತುಳಿದು ಬಂದ. ಮೊಳಕಾಲತನಕ ಕೆಸರು. "ಅಕ್ಕಾ, ಗಂಗಕ್ಕಗ ನಿನ್ನಿ ಸಂಜಿಯಿಂದ ಬ್ಯಾನಿ. ರಕ್ತ ಹೋಗಾಕತ್ತೈತಿ. ಸೂಲಗಿತ್ತಿ ನನ್ನ ಕೈಲಿ ಆಗೂದಿಲ್ಲ ಅಂದ್ಳು" ಎಂದ. ನಾನು ಅವನನ್ನು ಒಳಗೂ ಕರೆಯದೆ ದವಾಖಾನೆಗೆ ಓಡಿದೆ. ರಕ್ತ ಎಂದ ಕೂಡಲೆ ಡಾಕ್ಟರಬಾಯಿಯ ಮುಖ ಬಿಗಿಯಿತು. "ಕುಲುಕಬಾರದು. ಒಂಚೂರೂ ಕುಲುಕಬಾರದು" ಎಂದು ಭೀಮಣ್ಣನಿಗೆ ಹೇಳಿ ತಾವೇ ಪೆಟ್ಟಿಗೆ ತೆಗೆದುಕೊಂಡು ಹತ್ತಿದರು. ನಾನೂ ಹತ್ತಿದೆ. ದವಾಖಾನೆಗೆ ಎಣ್ಣೆಯ ಚೀಟಿ ಮಂಜೂರಾದದ್ದೇ ಆ ವಾರ; ಮೋಟಾರಿನ ಮೊದಲ ಪ್ರಯಾಣವೇ ನನ್ನ ತಂಗಿಗಾಗಿ.

ಹೋಗುವಾಗ ಮೋಟಾರು ತೇಲಿಕೊಂಡು ಹೋಯಿತು. ದೇವರೇ, ಬರುವಾಗಲೂ ಹೀಗೇ ಇರಲಿ ಎಂದುಕೊಂಡೆ.

ಅಮ್ಮಿನಬಾವಿಯಲ್ಲಿ ನಮ್ಮ ತವರುಮನೆಯ ಮುಂದೆ ಅರ್ಧ ಊರು ಸೇರಿತ್ತು. ಗಂಗವ್ವನನ್ನು ಹೊರಸಿನ ಮೇಲೆ ಎತ್ತಿ ತಂದು ಮಂಚಕ್ಕೆ ಮಲಗಿಸಿದೆವು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ನನ್ನ ಕೈ ಸಿಕ್ಕ ಕೂಡಲೆ ಬಳೆಗಳ ಸಮೇತ ಮಣಿಕಟ್ಟನ್ನು ಹಿಡಿದುಕೊಂಡಳು, ಎರಡು ಬಳೆ ಒಡೆದವು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಜನ ಏರತೊಡಗಿದರು. ನಮ್ಮ ಅವ್ವ. ಹೆರಿಗೆ ಹತ್ತಿರ ಬಂತೆಂದು ಎಂಟು ದಿನ ಮೊದಲೇ ಬಂದು ಕೂತಿದ್ದ ಗಂಗವ್ವನ ಅತ್ತೆ. ಕಾಕಾನ ಹೆಂಡತಿ ಕಾಕು. ಸೂಲಗಿತ್ತಿ. ಬಾಜೂಮನೆಯ ಇಬ್ಬರು ಮುದುಕಿಯರು, ಅವರು ಗಂಗವ್ವನನ್ನು ಎತ್ತಿ ಆಡಿಸಿದವರಂತೆ. ಗಂಗವ್ವನ ಮೈದುನಂದಿರು, ಅವರ ಹಿಂದೆ ಇನ್ನೂ ಯಾರೋ. ಸ್ನಾನದ ನೀರಿಗೆ ತಾಮ್ರದ ಹಂಡೆ ಬಂತು. ಪೇಟೆಯಲ್ಲಿ ಒಣ ಕಟ್ಟಿಗೆ ಸಿಗುವುದಿಲ್ಲವೆಂದು ಕಟ್ಟಿಗೆಯ ಹೊರೆ ಬಂತು, ಜೋಳದ ಹಿಟ್ಟಿನ ಚೀಲ ಬಂತು. ಬೆಂಚು ತುಂಬಿ, ನೆಲ ತುಂಬಿ, ಬಾಗಿಲಿಗೆ ಜೋತುಬಿದ್ದರು.

"ಒಬ್ಬರು ಬರ್ರಿ, ಸಾಕು!" ಎಂದು ಡಾಕ್ಟರಬಾಯಿ ಕೂಗಿದರು.

"ಒಬ್ಬರಂದ್ರ ಯಾರ್ರೀ, ಬಾಯಾರ?" ಎಂದಳು ಅವ್ವ.

ಹೆತ್ತವಳೋ, ಕೊಟ್ಟ ಮನೆಯ ಅತ್ತೆಯೋ? ಅತ್ತೆಯನ್ನು ಬಿಟ್ಟರೆ ಬೀಗತನ ಮುರಿಯಿತು, ತಾಯಿಯನ್ನು ಬಿಟ್ಟರೆ ಊರು ಉಗುಳಿತು. ವಾದ ಮಾಡಲು ಹೊತ್ತಿಲ್ಲವೆಂದು ಭೀಮಣ್ಣ ಮೋಟಾರು ಬಿಟ್ಟ.

ಊರು ದಾಟುವವರೆಗೂ ಪರವಾಗಿಲ್ಲ ಅನ್ನಿಸಿತು. ಹೊಲದ ನಡುವಿನ ಹಾದಿಗೆ ಬಂದದ್ದೇ ಏಟು ಶುರುವಾಯಿತು. ತೆಳ್ಳಗಿನ ಕಮಾನು ಭಾರಕ್ಕೆ ಪೂರ್ತಿ ಚಪ್ಪಟೆಯಾಗಿ, ಪ್ರತಿ ಕುಣಿಗೂ ಚೌಕಟ್ಟು ಅಚ್ಚಿನ ಮೇಲೆ ಧಡ್ ಧಡ್ ಎಂದು ಬಡಿಯುತ್ತಿತ್ತು. ಲಾರಿಯ ಕಮಾನೇ ವಾಸಿ ಇತ್ತು, ಚಕ್ಕಡಿ ಅದಕ್ಕಿಂತ ವಾಸಿ ಇತ್ತು. ಗಂಗವ್ವ ಮೊದಲು ಚೀರಿದಳು, ಆಮೇಲೆ ಚೀರುವುದನ್ನೂ ಬಿಟ್ಟಳು. ಡಾಕ್ಟರಬಾಯಿ ಹಾಸಿಗೆಯ ಬಟ್ಟೆ ಸರಿಸಿ ನೋಡಿ ನನ್ನ ಕಡೆ ಕಣ್ಣೆತ್ತಿದರು. ಬಟ್ಟೆ ಪೂರ್ತಿ ಕೆಂಪಾಗಿತ್ತು. ಹಳ್ಳ ದಾಟಿ ಮೇಲೇರುವಾಗ ಕೆಳಗೆ ಬಂದೂಕು ಹಾರಿಸಿದಂಥ ಸದ್ದಾಯಿತು. ಮೋಟಾರು ಒಂದು ಬದಿಗೆ ವಾಲಿ ನಿಂತಿತು.

ಭೀಮಣ್ಣ ಕೆಳಗೆ ಬಗ್ಗಿ ನೋಡಿ ಬಂದ. "ಒಂದ ಪಟ್ಟಿ ಮುರದೈತ್ರಿ. ಮಂದಿ ಎಲ್ಲಾ ಇಳದ್ರ ಉಳಿದಿದ್ದರ ಮ್ಯಾಲೆ ಸಾವಕಾಶ ಹೋಗಬಹುದು. ಇಳೀಲಿಲ್ಲಂದ್ರ ಗಾಡಿ ಇಲ್ಲೇ."

ಗಂಡಸರು ಇಳಿದು ಹಂಡೆ, ಕಟ್ಟಿಗೆ ಇಳಿಸಿಕೊಂಡರು. ಹೆಂಗಸರು ಬೆಂಚು ಬಿಡಲಿಲ್ಲ. "ಹೆಣ್ಣಮಕ್ಕಳ ಭಾರ ಎಷ್ಟ ಇರ್ತೈತಿ" ಎಂದಳು ಕಾಕು. "ನನ್ನ ಮಗಳನ್ನ ಮಂದಿ ಕೈಯಾಗ ಕೊಟ್ಟ ನಾ ಇಳೀಲ್ಯಾ?" ಎಂದು ಅವ್ವ ಮಂಚದ ಕಾಲು ಅಪ್ಪಿಕೊಂಡಳು. ಅವ್ವ ಏನು ಮಾಡುತ್ತಾಳೆಂದು ಗಂಗವ್ವನ ಅತ್ತೆ ನೋಡುತ್ತಿದ್ದಳು. ನನಗೆ ಆಗ ಅರ್ಥವಾಯಿತು. ಇಲ್ಲಿ ಒಬ್ಬರು ಉಳಿದರೆ ಎಲ್ಲರೂ ಉಳಿಯುತ್ತಾರೆ. ನಾನು ಉಳಿದರೆ ಅವ್ವ ಉಳಿಯುತ್ತಾಳೆ, ಅವ್ವ ಉಳಿದರೆ ಬೀಗತಿ ಉಳಿಯುತ್ತಾಳೆ, ಬೀಗತಿ ಉಳಿದರೆ ಕಾಕು. ಇಳಿಯುವುದಾದರೆ ಮೊದಲು ನಾನು ಇಳಿಯಬೇಕು.

ಗಂಗವ್ವ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಕಣ್ಣು ಮುಚ್ಚಿದ್ದವು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಡಾಕ್ಟರಬಾಯಿ ಆ ಬೆರಳುಗಳ ನಡುವೆ ತಮ್ಮ ಕೈ ಇಟ್ಟರು. ನಾನು ಕೆಸರಿಗೆ ಇಳಿದು ಅವ್ವನ ಕಡೆ ಕೈ ಚಾಚಿದೆ.

"ಅವ್ವಾ, ಇಳಿ."

"ನೀ ಅಕ್ಕ ಏನ? ನಡು ಹಾದ್ಯಾಗ ತಂಗೀನ್ನ ಬಿಟ್ಟ ಇಳದಿ?"

"ಅವ್ವಾ, ಅಲ್ಲಿ ಬನ್ನಿ ಗಿಡ ಕಾಣತೈತಲ್ಲ" ಎಂದೆ. ನನ್ನ ಧ್ವನಿ ನನಗೇ ಬೇರೆಯವರದಾಗಿ ಕೇಳಿಸಿತು. "ನನ್ನ ಕೂಸಿನ ಒದತ ಅಲ್ಲೇ ನಿಂತಿದ್ದು. ಚಕ್ಕಡ್ಯಾಗ ನಿನ್ನ ತೊಡಿ ಮ್ಯಾಲೆ ನನ್ನ ತಲಿ ಇತ್ತು. ನೀ ನನ್ನ ಬಿಟ್ಟ ಇಳದಿರಲಿಲ್ಲ. ಆದ್ರೂ ಅದು ನಿಂತತು."

ಅವ್ವ ಬನ್ನಿ ಗಿಡವನ್ನು ನೋಡಿದಳು. ನನ್ನ ಮುಖ ನೋಡಿದಳು. ಮಂಚದ ಕಾಲು ಬಿಟ್ಟು, ನಾನು ಚಾಚಿದ ಕೈಯನ್ನು ಮುಟ್ಟದೆ, ತಾನೇ ಇಳಿದಳು. "ಬೀಗತಿ ಇಳದ ಮ್ಯಾಲೆ ನಾ ಕುಂತ್ರ ಏನ ಛಂದ?" ಎಂದು ಗಂಗವ್ವನ ಅತ್ತೆ ಇಳಿದಳು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ.

ಮೋಟಾರು ಮೆಲ್ಲಗೆ ಹೊರಟಿತು. ಹಿಂದಿನ ಬದಿ ಎದ್ದು ನಿಂತು, ಕುಣಿಗಳ ಮೇಲೆ ಮೆತ್ತಗೆ ಏರಿ ಇಳಿಯುತ್ತ ದೂರವಾಯಿತು. ಅಷ್ಟು ಮೆತ್ತಗೆ ಹೋಗುವುದನ್ನು ನೋಡುತ್ತ ನಮ್ಮ ಮನೆಯ ಹೆಂಗಸರೆಲ್ಲ ಮಳೆಯಲ್ಲಿ ನಿಂತಿದ್ದೆವು. ನಮ್ಮ ಮನೆತನದಲ್ಲಿ ತನ್ನವರು ಒಬ್ಬರೂ ಬಳಿಯಿಲ್ಲದೆ ಬೇನೆ ತಿಂದ ಹೆಣ್ಣು ಅಲ್ಲಿಯತನಕ ಇರಲಿಲ್ಲ.

ಧಾರವಾಡದವರೆಗೆ ನಡೆದೆವು. ಎರೆಮಣ್ಣು ಕಾಲಿಗೆ ಹತ್ತಿ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು. ಗಂಡಸರು ಹಂಡೆ ಹೊತ್ತಿದ್ದರು, ಒದ್ದೆಯಾದ ಕಟ್ಟಿಗೆಯನ್ನು ಯಾವಾಗಲೋ ಬಿಸಾಡಿದ್ದರು. ಅವ್ವ ನನ್ನಿಂದ ದೂರವೇ ನಡೆಯುತ್ತಿದ್ದಳು. ನನಗೆ ಭಯ ಒಂದೇ. ಗಂಗವ್ವ ಹೋಗಿದ್ದರೆ, ಅವಳ ಕೈಯಿಂದ ಕೈ ಬಿಡಿಸಿಕೊಂಡವಳು ನಾನು.

ದವಾಖಾನೆಯ ಮೆಟ್ಟಿಲ ಮೇಲೆ ನಮ್ಮ ಮನೆಯವರು ಕಾಯುತ್ತಿದ್ದರು. ನಮ್ಮ ಅವತಾರ ನೋಡಿ ಎದ್ದು ನಿಂತು, "ಇಬ್ಬರೂ ಅದಾರ" ಎಂದರು. ಹೊಟ್ಟೆ ಕೊಯ್ದು ಮಗುವನ್ನು ತೆಗೆದಿದ್ದರು, ಹೆಣ್ಣು. ಅವ್ವ ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಒಂದು ದಿನ ಬಿಟ್ಟು ನಮ್ಮನ್ನು ಒಳಗೆ ಬಿಟ್ಟರು. ಗಂಗವ್ವ ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಎಲ್ಲಾರೂ ಇಳದ್ರಿ, ಹೌದಿಲ್ಲೋ?" ಎಂದಳು. ಅಷ್ಟೇ.

ಮುಂದಿನ ವಾರ ಖಾದರಸಾಬ ಬಂದು ಮುರಿದ ಪಟ್ಟಿ ನೋಡಿದ. ಮೊದಲು ಬೈದ, ಆಮೇಲೆ ಹಣೆ ಚಚ್ಚಿಕೊಂಡ. "ಮಾಸ್ತರ, ಮಂದಿ ಲೆಕ್ಕ ಕೊಟ್ರಿ, ಬೀಗರ ಲೆಕ್ಕ ಕೊಡಲಿಲ್ಲ. ನಾನರ ಕೇಳಬಾರದಾ, ನನಗೇನಾಗಿತ್ತು?" ಮುರಿದದ್ದನ್ನು ಬದಲಿಸಿ, ತೆಳ್ಳನೆಯ ಕಮಾನಿನ ಮೇಲೆ ಸ್ವಲ್ಪ ಸಂದಿ ಬಿಟ್ಟು ಲಾರಿಯ ದಪ್ಪ ಪಟ್ಟಿ ಎರಡನ್ನು ಕಾಯಿಸಿ ಬಗ್ಗಿಸಿ ಕೂಡಿಸಿದ. ಒಬ್ಬಳೇ ಮಲಗಿದ್ದರೆ ಮೇಲಿನ ಪಟ್ಟಿಗಳು ಸುಮ್ಮನಿರುತ್ತವೆ, ಕೆಳಗಿನದು ಮೆತ್ತಗೆ ಒಯ್ಯುತ್ತದೆ. ಮಂದಿ ಏರಿ ಗಾಡಿ ಕುಗ್ಗಿದರೆ ಆಗ ಮೇಲಿನವು ಭಾರಕ್ಕೆ ಹೆಗಲು ಕೊಡುತ್ತವೆ. ಆಮೇಲೆ ಆ ಮೋಟಾರಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಬಂದರು; ತಾಯಿ, ಅತ್ತೆ, ಕಾಕು, ಹಂಡೆ ಎಲ್ಲದರ ಸಮೇತ ಬಂದರು. ಯಾರನ್ನೂ ಯಾರೂ ಇಳಿಸಲಿಲ್ಲ. ಒಬ್ಬಳೇ ಹೋದವಳು ನಮ್ಮ ಗಂಗವ್ವ ಮಾತ್ರ.

ನಾನು ಇಳಿದದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಸರಿ ಎಂದವರೂ ನನಗೆ ಸಿಗಲಿಲ್ಲ. ಮನೆಯಲ್ಲಿ ಏನೇ ಜಗಳವಾಗಲಿ, "ನೀ ಬಿಡವಾ, ನಡು ಹಾದ್ಯಾಗ ಇಳಿಯಾಕಿ" ಎನ್ನುವ ಮಾತು ಎಲ್ಲಿಂದಲೋ ಬರುತ್ತಿತ್ತು. ಅವ್ವ ಸಾಯುವವರೆಗೂ ಆಡಿದಳು. ಕೇಳಿ ಕೇಳಿ ನಾನು ಹಾಗೇ ಆದೆ. ಟಾಂಗಾ ತುಂಬಿದರೆ, ಬಸ್ಸಿನಲ್ಲಿ ಜಾಗ ಸಾಲದಿದ್ದರೆ, ಯಾರೂ ಹೇಳುವ ಮೊದಲೇ ನಾನು ಇಳಿದುಬಿಡುತ್ತೇನೆ.

ಉಣಕಲ್ಲಿನ ಗ್ಯಾರೇಜಿನಲ್ಲಿ ಕೆಲಸ ಮುಗಿಯಿತು. "ಪಟ್ಟಿ ಹಾಕೇನ್ರಿ. ಆದ್ರೂ ಇಬ್ಬರು ಇಳದ್ರ ಛಲೋ" ಎಂದ ಮೇಸ್ತ್ರಿ. ಎಲ್ಲರೂ ಆಕಾಶ ನೋಡಿದರು, ಹೋಳಿಗೆಯ ಬುಟ್ಟಿ ನೋಡಿದರು, ಗಡಿಯಾರ ನೋಡಿದರು. ಅವತ್ತು ಹೊಟ್ಟೆ ಕೊಯ್ದು ತೆಗೆದ ಮಗು ಶಾಂತಾ ಈಗ ಅಮ್ಮಿನಬಾವಿಯಲ್ಲೇ ಸಂಸಾರ ಮಾಡಿಕೊಂಡಿದ್ದಾಳೆ. ಅವಳ ಮಗಳದೇ ಕುಬಸ. ಅಜ್ಜಿ ಗಂಗವ್ವ ಹೋಗಲೇಬೇಕು. ನಾನು ಗಂಡ ಸತ್ತವಳು, ಆರತಿಗೆ ಹೇಗೂ ಹಿಂದೆ ನಿಲ್ಲುವವಳು, ಒಂದು ತಾಸು ತಡವಾದರೆ ಏನಾಯಿತು? ಚೀಲ ತೆಗೆದುಕೊಂಡು, "ನಾ ಬಸ್ಸಿಗೆ ಬರ್ತೇನಿ, ನೀವು ನಡೀರಿ" ಎಂದೆ.

ಗಂಗವ್ವ ನನ್ನ ಮಣಿಕಟ್ಟು ಹಿಡಿದಳು.

"ಅವತ್ತ ಹಾದಿ ಮೆತ್ತಗಾಗಿದ್ದು ನನಗ ಗೊತ್ತಾತು" ಎಂದಳು. ಇಷ್ಟು ಜನರ ನಡುವೆ, ಬೇರೆ ಯಾರೂ ಇಲ್ಲವೇನೋ ಎಂಬಂತೆ ನನಗೊಬ್ಬಳಿಗೇ ಹೇಳುತ್ತಿದ್ದಳು. "ಅಕ್ಕನ ಕೈ ಐತಲ್ಲ ಅಂತ ಧೈರ್ಯಾ ತಗೊಂಡೆ. ಹಂಗ ಸ್ವಲ್ಪ ಮ್ಯಾಲೆ ತಡವಿದ್ನಿ, ಬಳಿ ಹತ್ತಲಿಲ್ಲ. ಗಡಿಯಾರ ಹತ್ತಿತು. ಕಣ್ಣ ತಗದ ನೋಡಿದ್ರ ನಮ್ಮವರು ಒಬ್ಬರೂ ಇಲ್ಲ. ಅವತ್ತ ನೀ ಇಳದದ್ದಕ್ಕ ನಾ ಬದುಕೇನಿ, ಅದು ಗೊತ್ತೈತಿ ನನಗ. ಗೊತ್ತಿದ್ರೂ ಸಿಟ್ಟ ಹೋಗಲಿಲ್ಲ."

ಅವಳ ಬೆರಳು ನನ್ನ ಮಣಿಕಟ್ಟಿನ ಮೇಲೆ ಹಿಂದೆ ಮುಂದೆ ಆಡುತ್ತಿದ್ದವು. ನಮ್ಮ ಮನೆಯವರು ಹೋದಮೇಲೆ ನನ್ನ ಕೈಯೂ ಬರಿದು, ಡಾಕ್ಟರಬಾಯಿಯ ಕೈಯಷ್ಟೇ ಬರಿದು.

"ಬಳಿ ಇಲ್ಲದಿದ್ರೂ ಇದು ನಿನ್ನ ಕೈ ಅಂತ ಗುರ್ತ ಹಿಡೀತೇನಿ" ಎಂದಳು. "ಬ್ಯಾರೆ ಯಾರರ ಇಳೀಲಿ. ನೀ ಇಳೀಬ್ಯಾಡ."

ಗಂಗವ್ವನ ಇಬ್ಬರು ಸೊಸೆಯರು ಮುಖ ಮುಖ ನೋಡಿಕೊಂಡು ಬಸ್ಸಿಗೆ ಹೋದರು. ಧಾರವಾಡ ದಾಟಿ, ಹಳ್ಳ ಬಂತು. ಈಗ ಅದರ ಮೇಲೆ ಸೇತುವೆಯಿದೆ. ಬನ್ನಿ ಗಿಡ ಇರಲಿಲ್ಲ, ಯಾವಾಗಲೋ ಕಡಿದಿದ್ದರು. ಆದರೂ ಆ ಜಾಗ ಬಂದಾಗ ಗಂಗವ್ವ ಹಿಡಿತ ಬಿಗಿ ಮಾಡಿದಳು. ಅಮ್ಮಿನಬಾವಿ ಬರುವವರೆಗೆ ಬಿಡಲಿಲ್ಲ.